ಕಾರ್ಪೊರೇಷನ್ ಜಾಗದ ಅವರೆಕಾಯಿ

ನಮ್ಮೂರಲ್ಲಿ ಬಿತ್ತುವಾಗ ಯಾರೂ ಮಾತಾಡುವುದಿಲ್ಲ. ಬಿತ್ತಿದವರು ಆಡಿದ ಮಾತನ್ನು, ಕಾಯಿ ಸುಲಿದಾಗ ಕಾಳು ತಿರುಗಿ ಆಡುತ್ತದೆ. ಬೈದುಕೊಂಡು ಬಿತ್ತಿದ ಹುರುಳಿಕಾಯಿಯನ್ನು ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅದಕ್ಕೇ ನಮ್ಮ ಬೀದಿಯ ಹೆಂಗಸರು ಕಾರ್ಪೊರೇಷನ್ ಜಾಗದಲ್ಲಿ ತೋಟ ಶುರು ಮಾಡಿದಾಗ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟ, ನಾಲ್ಕು ಜನರೆದುರು ಮಾತೇ ಹೊರಡದ ನನಗೆ ಬಿತ್ತುವ ಕೆಲಸ ಕೊಟ್ಟರು.

ಇವತ್ತು ಮೊದಲ ಕೊಯ್ಲು. ಜಾಗದ ಮೇಲ್ವಿಚಾರಕ ರುದ್ರಪ್ಪನವರೂ ಬಂದಿದ್ದರು.

“ನಮ್ಮ ಸುಗುಣಿ ಬಿತ್ತಿದ್ದು ಸಾರ್, ಒಂದು ಕೆಮ್ಮೂ ಕೇಳ್ಸಲ್ಲ ನೋಡಿ,” ಎನ್ನುತ್ತ ನಮ್ಮ ಬೀದಿಯ ಪುಟ್ಟತಾಯಕ್ಕ ಅವರೆಕಾಯಿ ಸುಲಿದರು.

ಕಾಳು ರುದ್ರಪ್ಪನವರ ದನಿಯಲ್ಲಿ ಮಾತಾಡಿತು: “ಸಂಕ್ರಾಂತಿ ಕಳೀಲಿ ಸಾರ್, ಜೆಸಿಬಿ ತರ್ಸಿ ಕಾರ್ ನಿಲ್ಸೋಕೆ ಜಾಗ ಮಾಡ್ಸ್ತೀನಿ. ಹೆಂಗಸ್ರಿಗೆ ಹೇಳಿಲ್ಲ. ಇಲ್ಲೊಂದು ಹುಡ್ಗಿ ಇದೆ, ಬಿಡಿ, ಅದು ಬಾಯಿ ಬಿಡಲ್ಲ.”

ಬಿತ್ತನೆಯ ದಿನ ಅವರು ಬೇಲಿಗೊರಗಿ ಫೋನಿನಲ್ಲಿ ಹೇಳಿದ್ದು ಇದನ್ನೇ. ನಾನು ಕೇಳಿಸಿಕೊಂಡಿದ್ದೆ. ಬಿತ್ತಿದವರ ದನಿ ಮಾತ್ರ ಕಾಳಿಗೆ ಇಳಿಯುತ್ತದೆಂದು ಎಲ್ಲರಂತೆ ನಂಬಿ, ಇಷ್ಟು ತಿಂಗಳು ಸುಮ್ಮನಿದ್ದೆ.

ಪುಟ್ಟತಾಯಕ್ಕ ರುದ್ರಪ್ಪನವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. “ನಿಂಗೆ ಗೊತ್ತಿತ್ತೇನೇ?”

“ಅದು ನನ್ನ ದನಿನೇ ಅಲ್ಲ! ಬೇಕಾದ್ರೆ ಆ ಹುಡ್ಗೀನೇ ಕೇಳಿ,” ಎಂದು ರುದ್ರಪ್ಪನವರು ಕೂಗಿದರು.

ನಾನು ಒಂದು ಹಿಡಿ ಬಿತ್ತನೆ ಕಾಳು ತೆಗೆದುಕೊಂಡು ಪಾತಿಯ ಪಕ್ಕ ಕೂತೆ. ಒಂದೊಂದೇ ಕಾಳು ಊರುತ್ತ, ಅವತ್ತು ಕೇಳಿದ್ದನ್ನೆಲ್ಲ ಅವರ ಹೆಸರು ಸೇರಿಸಿ ಗಟ್ಟಿಯಾಗಿ ಹೇಳತೊಡಗಿದೆ.