ಕತ್ತರಿ ಡಾಕ್ಟ್ರು ಒಪ್ಪಿದ ಸಾವು

"ಸುಳ್ಳು. ಹೀಗೆ ಯಾರೂ ಸಾಯಲ್ಲ. ತೆಗೀರಿ."

ಸಂಕಲನದ ಕೋಣೆಯಲ್ಲಿ ಪರದೆ ಸ್ತಬ್ಧವಾಯಿತು. ನಿರ್ದೇಶಕಿ ಹಣೆ ಚಚ್ಚಿಕೊಂಡಳು. ಗಗನಯಾತ್ರಿಗಳ ಆರೋಗ್ಯ ನೋಡಿಕೊಂಡು ನಿವೃತ್ತರಾದ ಈ ವೈದ್ಯರನ್ನು ಸಿನಿಮಾದ ವಿಜ್ಞಾನ ತಿದ್ದಲೆಂದು ಕರೆತಂದವಳು ಅವಳೇ. ತಂಡದವರು ಅವರಿಗಿಟ್ಟ ಹೆಸರು ಕತ್ತರಿ ಡಾಕ್ಟ್ರು. ನಿರ್ವಾತದಲ್ಲಿ ಬಲೂನಿನಂತೆ ಸಿಡಿದ ದೇಹಕ್ಕೆ ಕತ್ತರಿ. ರೆಪ್ಪೆ ಬಡಿಯುವಷ್ಟರಲ್ಲಿ ಮಂಜುಗಡ್ಡೆಯಾದ ದೇಹಕ್ಕೂ ಕತ್ತರಿ.

"ನಿಮ್ಮ ಕೈಗೆ ಸಿಕ್ಕಿ ನನ್ನ ಹೀರೋ ನೆಮ್ಮದಿಯಾಗಿ ಸಾಯೋ ಹಾಗೂ ಇಲ್ಲ ಸಾರ್!"

"ನೆಮ್ಮದಿಯಾಗಿ ಸಾಯ್ಲಿ ಅಂತಾನೇ ನನ್ನ ಹಟ ಕಣಮ್ಮಾ."

ಈ ಸಲದ ದೃಶ್ಯದಲ್ಲಿ, ಬಾಹ್ಯಾಕಾಶದ ಉಡುಪಿನೊಳಗೆ ಗಾಳಿ ಶುದ್ಧಿ ಮಾಡುವ ಯಂತ್ರ ಕೆಟ್ಟಿತ್ತು. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತ ಗಗನಯಾತ್ರಿ ರೇಡಿಯೊದಲ್ಲಿ ಮನೆಯವರಿಗೆ ವಿದಾಯ ಹೇಳುತ್ತಿದ್ದ. ವೈದ್ಯರು ಬಲಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಕೂತಿದ್ದರು.

"ಇದ್ರಲ್ಲಿ ತಪ್ಪೇನು ಸಾರ್?"

"ಅಷ್ಟು ಸ್ಪಷ್ಟವಾಗಿ ಮಾತು ಬರಲ್ಲ. ತಲೆ ಸಿಡಿಯುತ್ತೆ. ಹೇಳಿದ್ದನ್ನೇ ಹೇಳ್ತಾನೆ, ಮಗು ಥರ..." ತಟ್ಟನೆ ನಿಲ್ಲಿಸಿದರು. "ಇಡೀ ದೃಶ್ಯವೇ ಬೇಡ. ಉಡುಪು ಹರಿದುಹೋಗ್ಲಿ. ಹತ್ತು ಹದಿನೈದು ಸೆಕೆಂಡಲ್ಲಿ ಪ್ರಜ್ಞೆ ತಪ್ಪುತ್ತೆ. ಆಮೇಲೆ ನೋವಿಲ್ಲ, ಏನಿಲ್ಲ."

"ಹಾಗಾದ್ರೆ ಜನ ಅಳಲ್ವಲ್ಲ!"

"ಅಳದಿದ್ರೆ ಒಳ್ಳೇದೇ ಆಯ್ತು."

ಹಿಡಿದ ಪಟ್ಟು ಬಿಡುವ ಆಸಾಮಿಯಲ್ಲ. ಗೊಣಗುತ್ತಲೇ ನಿರ್ದೇಶಕಿ ದೃಶ್ಯವನ್ನು ಹೊಸದಾಗಿ ಚಿತ್ರಿಸಿದಳು.

ಸಿನಿಮಾ ಮುಗಿದ ಮೇಲೆ, ಆಪ್ತರಿಗಷ್ಟೇ ಇಟ್ಟಿದ್ದ ಪ್ರದರ್ಶನಕ್ಕೆ ವೈದ್ಯರು ತಮ್ಮ ಅಕ್ಕನನ್ನು ಕೈಹಿಡಿದು ಕರೆತಂದರು. ಗಗನಯಾತ್ರಿಯಾಗಿ ಮೇಲೆ ಹೋದ ಅವಳ ಒಬ್ಬನೇ ಮಗ ತಿರುಗಿ ಬಂದಿರಲಿಲ್ಲ. ಉಡುಪು ಹರಿಯಿತು, ಕ್ಷಣದಲ್ಲಿ ಮುಗಿಯಿತು ಎಂದು ತಮ್ಮ ಎಷ್ಟು ಸಲ ಹೇಳಿದರೂ ಹೆತ್ತ ಕರುಳು ನಂಬಿರಲಿಲ್ಲ. ಪ್ರಾರ್ಥನೆಗೆ ಕೂತು ಎದ್ದಾಗಲೆಲ್ಲ ಒಂದೇ ಪ್ರಶ್ನೆ: "ನಿಜ ಹೇಳೋ, ನನ್ನ ಮಗ ಒದ್ದಾಡಿದ್ನಾ?" ಕಣ್ಣಾರೆ ಕಂಡರೆ ನಂಬಿಯಾಳು ಎಂಬುದೊಂದೇ ವೈದ್ಯರ ಆಸೆ.

ಪರದೆಯ ಮೇಲೆ ಉಡುಪು ಹರಿಯಿತು. ಕೈಯೊಂದು ಭೂಮಿಯತ್ತ ಚಾಚಿತು. ಕಣ್ಣು ಮುಚ್ಚಿತು. ಸದ್ದೇ ಇಲ್ಲ.

ಅಕ್ಕ ತಮ್ಮನ ಮುಂಗೈ ಹಿಡಿದಳು. "ಇಷ್ಟೇನಾ?"

"ಇಷ್ಟೇ ಅಕ್ಕಾ."

"ಸಿನಿಮಾದವರು ಕಟ್ಟಿದ್ದಲ್ಲ ತಾನೇ?"

"ನಾನೇ ಎದುರಿಗೆ ನಿಂತು ತಿದ್ದಿಸಿದ್ದು. ಒಂದು ಸುಳ್ಳೂ ನುಸುಳೋಕೆ ಬಿಟ್ಟಿಲ್ಲ."

ವರ್ಷಗಳಿಂದ ಬಿಗಿದುಕೊಂಡಿದ್ದ ಅವಳ ಭುಜಗಳು ಸಡಿಲಾದವು. "ದೇವರು ದೊಡ್ಡವನು. ನನ್ನ ಕಂದನ್ನ ನೋಯಿಸಲಿಲ್ಲ," ಎಂದು ತಮ್ಮನ ಹೆಗಲಿಗೆ ತಲೆಯಿಟ್ಟು, ಮೊದಲ ಸಲ ಸಮಾಧಾನವಾಗಿ ಅತ್ತಳು.

ವೈದ್ಯರ ಅಂಗೈ ಮೆಲ್ಲಗೆ ಬಲಗಿವಿಗೆ ಹೋಯಿತು. ಅಕ್ಕನ ಮಗನ ಉಡುಪು ಹರಿದಿರಲೇ ಇಲ್ಲ. ಆ ದಿನ ರೇಡಿಯೊದ ಈ ತುದಿಯಲ್ಲಿ ಕೂತಿದ್ದ ಅವರ ಅದೇ ಕಿವಿಯೊಳಗೆ, ಹೊತ್ತು ಇಳಿಯುವವರೆಗೂ ಒಂದೇ ದನಿ ಹೇಳಿದ್ದನ್ನೇ ಹೇಳಿತ್ತು: "ಉಸಿರು ಕಟ್ತಿದೆ ಮಾವಾ... ಅಮ್ಮಂಗೆ ಹೇಳ್ಬೇಡ... ಮಾವಾ, ಅಮ್ಮಂಗೆ ಹೇಳ್ಬೇಡ..."