ವೆಬ್‌ಸೈಟಿನಲ್ಲಿ ಕಾಕಾನ ಹೆಸರು

“ಎಲ್ಲಿ ಬರದೀಯೋ ಮಧು, ನನ್ನ ಹೆಸರು? ಸ್ವಲ್ಪ ತೋರಸಪಾ” ಎನ್ನುತ್ತ ಕೃಷ್ಣಪ್ಪನವರು ಸ್ಟೂಲು ಎಳೆದುಕೊಂಡು ಮಧುಸೂದನನ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತೇಬಿಟ್ಟರು. ಎಪ್ಪತ್ತರ ಮುದುಕ, ಏಪ್ರಿಲ್ಲಿನ ಮಟಮಟ ಮಧ್ಯಾಹ್ನ ನಾಗಪುರದ ಮಹಾಲಿನಿಂದ ಸದರ್‌ವರೆಗೆ ಲೂನಾ ಓಡಿಸಿಕೊಂಡು ಬಂದಿದ್ದರು. ಬೆವರು ಒರೆಸಿಕೊಳ್ಳುವಷ್ಟೂ ಪುರುಸೊತ್ತಿಲ್ಲ. ಬಂದವರೇ ಡಬ್ಬಿ ಬಿಚ್ಚಿ ಒಂದು ಕಿತ್ತಳೆ ಹಣ್ಣಿನ ಸಂತ್ರಾ ಬರ್ಫಿ ತೆಗೆದು ಮಧುಸೂದನನ ಕೈಗೆ ತುರುಕಿದ್ದರು.

ಮಧುಸೂದನ ಬರ್ಫಿ ಹಿಡಿದುಕೊಂಡೇ ಪರದೆಯ ಕಡೆ ನೋಡಿದ. “ನಿಮಗ ಯಾರ್ ಹೇಳಿದ್ರು ಕಾಕಾ?”

“ಸೊಲ್ಲಾಪುರದ ನಮ್ಮ ಅಳಿಯ. ಆಫೀಸಿನ ಇಂಟರ್ನೆಟ್ಟಿನಾಗ ಸುಮ್ನ ನನ್ನ ಹೆಸರು ಹಾಕಿ ಹುಡುಕ್ಯಾನ. ‘ಮಾವಾರ, ಕೃಷ್ಣಪ್ಪ ಮೋಟರ್ ವೈಂಡಿಂಗ್ ಅಂತ ಹೊಡದ್ರ ಮೊದಲನೇದ್ದ ನಿಮ್ಮ ಶಿಷ್ಯನ ವೆಬ್‌ಸೈಟ್ ಬರ್ತೈತಿ’ ಅಂತ ಫೋನ್ ಮಾಡಿದಾ. ನಿಮ್ಮ ಕಾಕೂಗ ಹೇಳಿದೆ. ಆಕಿ ಕಣ್ಣಾಗ ನೀರ ತಂದ್ಲು ನೋಡು. ಹುಡುಗ ಮರ್ತಿಲ್ಲ ಅಂದ್ಲು.”

ಹೆಸರು ಇರಲಿಲ್ಲವೆಂದರೆ ಸುಳ್ಳಾದೀತು. ಇತ್ತು. ಒಂದಲ್ಲ, ಅರವತ್ತು ಸಲ ಇತ್ತು! ಕಾಣುತ್ತಿರಲಿಲ್ಲ, ಅಷ್ಟೇ. ವೆಬ್‌ಸೈಟ್ ಮಾಡಿಕೊಟ್ಟ ಶ್ರೇಯಾ ಆರು ತಿಂಗಳ ಹಿಂದೆ ಒಂದು ಉಪಾಯ ಹೇಳಿದ್ದಳು. “ಸರ್, ಮೋಟರ್ ವೈಂಡಿಂಗಿಗೆ ನಾಗಪುರದಲ್ಲಿ ಎಲ್ಲರಿಗೂ ಗೊತ್ತಿರೋ ಹೆಸರು ಯಾವ್ದು? ಜನ ಅದನ್ನೇ ಹುಡುಕ್ತಾರೆ. ಆ ಹೆಸರನ್ನ ಪುಟದ ಕೆಳಗೆ, ಬಿಳಿ ಜಾಗದಲ್ಲಿ ಬಿಳಿ ಅಕ್ಷರದಲ್ಲೇ ತುಂಬಿಸಿಬಿಡೋಣ. ಓದೋರ ಕಣ್ಣಿಗೆ ಬೀಳಲ್ಲ, ಹುಡುಕೋ ಮಶೀನಿಗೆ ಮಾತ್ರ ಬರೋಬರ್ ಸಿಗುತ್ತೆ.” ಮಧುಸೂದನ ಒಂದು ದಿನ ಯೋಚಿಸಿದ. ಎರಡನೇ ದಿನ ಹೂಂ ಎಂದ. ಅಲ್ಲಿಂದ ಶುರುವಾಯಿತು ನೋಡಿ ಫೋನುಗಳ ಸುರಿಮಳೆ! ಉಮರೇಡಿನ ಗಣಿಯವರು ಕೃಷ್ಣಪ್ಪನವರನ್ನು ಹುಡುಕಲು ಹೋಗಿ ಇವನ ನಂಬರಿಗೆ ಬಂದು ಮುಟ್ಟುತ್ತಿದ್ದರು. ಇವನು “ನಾನು ಅವರ ಕಡೆಯವನೇ, ಹೇಳಿ” ಎಂದು ಕೆಲಸ ಹಿಡಿಯುತ್ತಿದ್ದ. ಎಂಟು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ತಾಮ್ರದ ತಂತಿ ಸುತ್ತುವುದನ್ನು ಕಲಿಸಿದ ಮನುಷ್ಯನ ಗಿರಾಕಿಗಳನ್ನು ಹೀಗೆ ಒಬ್ಬೊಬ್ಬರನ್ನಾಗಿ ತನ್ನ ಕಡೆ ಎಳೆದುಕೊಂಡಿದ್ದ. ಕಾಕಾಗೆ ಗೊತ್ತಾದರೆ ಮುಖ ಎಲ್ಲಿಟ್ಟುಕೊಳ್ಳುವುದು?

“ಇವತ್ತು ಲೈನ್ ಬಂದ್ ಐತಿ ಕಾಕಾ, ನಾಳೆ ನಾನ ನಿಮ್ಮ ಮನೀಗೆ ಬಂದು...”

“ತೆರದ ಐತಲ್ಲೋ! ಇದು ನಿಂದ ಫೋಟೋ ಹೌದಲ್ಲೋ? ಭಾಳ ಛಲೋ ಬಂದೈತಿ.” ಕೃಷ್ಣಪ್ಪನವರು ಕನ್ನಡಕ ಏರಿಸಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. “ನನ್ನ ಕಡೆ ಈಗ ಕೆಲಸ ಇಲ್ಲಪಾ. ಆರು ತಿಂಗಳಾತು, ಉಮರೇಡಿನವರ ಪತ್ತೇನ ಇಲ್ಲ. ವಯಸ್ಸಾತು, ಜನ ಮರ್ತಬಿಟ್ರು ಅಂತ ಮನಸಿಗೆ ಭಾಳ ಹಚ್ಚಿಕೊಂಡಿದ್ದೆ. ನೀ ಮರ್ತಿಲ್ಲಲ್ಲ, ಸಾಕು ಬಿಡು.”

ಆಗಷ್ಟೇ ಬಾಯಿಗಿಟ್ಟುಕೊಂಡ ಬರ್ಫಿ ಅಲ್ಲೇ ಉಳಿಯಿತು. ನುಂಗಲೂ ಆಗದು, ಉಗುಳಲೂ ಆಗದು. ಮಧುಸೂದನ ಎದ್ದು ಹೋಗಿ ಕೂಲರ್ ಜೋರು ಮಾಡಿದ, ನೀರು ತಂದಿಟ್ಟ, ಚಹಾ ತರಿಸಲೇ ಎಂದು ಎರಡು ಸಲ ಕೇಳಿದ, ಕೂತ, ಮತ್ತೆ ಎದ್ದ. ಹೇಳಿಬಿಡೋಣ ಎಂದುಕೊಂಡರೆ ನಾಲಿಗೆ ಏಳದು. ಅಷ್ಟರಲ್ಲಿ ಮುದುಕನ ಕೈ ಮೌಸಿನ ಮೇಲೆ ಬಂತು.

“ಇದನ್ನ ಒತ್ತಿ ಹಿಡಕೊಂಡು ಎಳೀಬೇಕೇನು?”

“ಬ್ಯಾಡ ಕಾಕಾ, ಬಿಡ್ರಿ! ನಾ ತೋರಸ್ತೀನಿ!”

ಯಾರು ಕೇಳುತ್ತಾರೆ? ಜನ್ಮದಲ್ಲಿ ಮೌಸು ಹಿಡಿದವರಲ್ಲ ಅವರು. ಡ್ರಿಲ್ ಮಶೀನು ಹಿಡಿದಂತೆ ಬಿಗಿಯಾಗಿ ಒತ್ತಿ ಹಿಡಿದು ಪುಟದ ತುದಿಯಿಂದ ತಳದವರೆಗೆ ಎಳೆದೇಬಿಟ್ಟರು. ಎಳೆದಷ್ಟು ಜಾಗವೂ ನೀಲಿಯಾಗುತ್ತ ಹೋಯಿತು. ತಳದಲ್ಲಿ, ಖಾಲಿ ಬಿಟ್ಟಂತಿದ್ದ ಕಡೆ, ನೀಲಿಯ ಮೇಲೆ ಬಿಳಿ ಅಕ್ಷರಗಳು ಎದ್ದು ನಿಂತವು. ಕೃಷ್ಣಪ್ಪ, ಕೃಷ್ಣಪ್ಪ, ಕೃಷ್ಣಪ್ಪ. ಸಾಲಿನ ಕೆಳಗೆ ಸಾಲು.

ಮುದುಕ ಬೆರಳಿಟ್ಟು ಒಂದೆರಡು ಸಾಲು ಓದಿದರು. ಆಮೇಲೆ ಅವರ ಬಾಯಿ ಅಗಲವಾಯಿತು. “ಅಯ್ಯ ಇವನ! ರಾಮಕೋಟಿ ಬರದಂಗ ಬರದೀಯಲ್ಲೋ!”

ಮಧುಸೂದನನಿಗೆ ಹೋದ ಉಸಿರು ಬಂತು. “ಹೂಂ ಕಾಕಾ” ಎಂದ. ಅಷ್ಟಕ್ಕೇ ನಿಲ್ಲಿಸಬಾರದೇ, “ನೀವು ನನಗ ದೇವರಿದ್ದಂಗ” ಎಂದೂ ಸೇರಿಸಿದ. ಹೇಳಿದ ಮೇಲೆ ಅವನಿಗೇ ತನ್ನ ಮೇಲೆ ಅಸಹ್ಯವಾಯಿತು.

ಕೃಷ್ಣಪ್ಪನವರು ಬೆರಳೆತ್ತಿ ಇನ್ನೆಲ್ಲೋ ಒತ್ತಿದರು. ನೀಲಿ ಹೋಯಿತು, ಹೆಸರೂ ಹೋಯಿತು. ಮತ್ತೆ ಎಳೆದರು, ಬಂತು. ಒತ್ತಿದರು, ಹೋಯಿತು. ಹೀಗೆ ಮೂರು ಸಲ. ಆಮೇಲೆ ಬಿಳಿ ಜಾಗದ ಕೆಳಗೆ ಕಪ್ಪಗೆ ದಪ್ಪಗೆ ಕಾಣುತ್ತಿದ್ದ ಫೋನ್ ನಂಬರನ್ನು ಬಾಯಲ್ಲೇ ಓದಿಕೊಂಡರು. ಅದು ಯಾರ ನಂಬರೆಂದು ಅವರಿಗೆ ಹೇಳಬೇಕಾದ್ದೇ ಇರಲಿಲ್ಲ. ಮಧುಸೂದನ ನೆಲ ನೋಡುತ್ತ ನಿಂತಿದ್ದ.

ಅವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಮಂಡಿ ಹಿಡಿದು ಮೆಲ್ಲಗೆ ಎದ್ದರು. ಬಾಗಿಲವರೆಗೆ ಹೋಗಿ ತಿರುಗಿದರು.

“ಕರೀ ಅಕ್ಷರದಾಗ ಒಂದ ಸಲ ಬರದಿದ್ರ ಸಾಕಾಗ್ತಿತ್ತಲ್ಲೋ, ಮಧು.”