ಸಮೀಕ್ಷೆಯವನ ಕೈಗುಣ

"ಇನ್ನೂರೂ ಬೇಡ, ಹತ್ತು ಮನೆ ನೋಡಿದ್ರೆ ಸಾಕು. ನಡೀರಿ," ಎಂದು ತಪಾಸಣೆಗೆ ಬಂದವರು ಫೈಲು ಬಗಲಿಗಿಟ್ಟುಕೊಂಡು ಎದ್ದಾಗ ತಮ್ಮ ಕೂತಲ್ಲಿಂದ ಏಳಲೇ ಇಲ್ಲ.

ಅಕ್ಕ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಹೋಗಿ ಬಾರೋ. ನೀನು ಹೋಗಿ ಬಂದ ಮನೆಗಳೇ ತಾನೆ, ಹೆದರೋದಕ್ಕೇನಿದೆ?"

ತೊಂದರೆ ಇದ್ದದ್ದೇ ಅಲ್ಲಿ. ಅವನು ಒಂದು ಮನೆಗೂ ಹೋಗಿರಲಿಲ್ಲ.

ಸಂಸತ್ತಿನ ಚುನಾವಣೆಗೆ ಮತದಾನ ಮುಗಿದು, ಎಣಿಕೆಗೆ ಇನ್ನೂ ಹತ್ತು ದಿನವಿದ್ದಾಗ ಒಂದು ಸಮೀಕ್ಷಾ ಸಂಸ್ಥೆ ಅವನಿಗೆ ಈ ಬಡಾವಣೆಯ ಇನ್ನೂರು ಮನೆಗಳ ಪಟ್ಟಿ ಕೊಟ್ಟಿತ್ತು. ಜೊತೆಗೆ ಖಾಲಿ ನಮೂನೆಗಳ ಎರಡು ಕಟ್ಟು. ಒಂದು ತುಂಬುವುದಕ್ಕೆ, ಇನ್ನೊಂದು ಬರೆದದ್ದು ಕೆಟ್ಟರೆ ಇರಲಿ ಅಂತ. ಮನೆಮನೆಗೆ ಹೋಗಿ, ಯಾರಿಗೆ ಓಟು ಹಾಕಿದಿರಿ, ಯಾಕೆ ಹಾಕಿದಿರಿ ಎಂದು ಹನ್ನೊಂದು ಪ್ರಶ್ನೆ ಕೇಳಬೇಕು. ಕಟ್ಟಡಗಳೆಲ್ಲ ನಾಲ್ಕು ಮಹಡಿ, ಒಂದಕ್ಕೂ ಲಿಫ್ಟ್ ಇಲ್ಲ. ತಮ್ಮ ಮೊದಲ ಮೆಟ್ಟಿಲಿಗೆ ಕೆಳಗಿನಿಂದಲೇ ದೊಡ್ಡ ನಮಸ್ಕಾರ ಹಾಕಿದ. ಗ್ರಂಥಾಲಯದ ಫ್ಯಾನಿನ ಕೆಳಗೆ ಕೂತು ಹೆಸರು, ವಯಸ್ಸು, ಕಸುಬು ಎಲ್ಲವನ್ನೂ ತಲೆಯಿಂದಲೇ ಹುಟ್ಟಿಸಿ, ಎರಡು ಮಧ್ಯಾಹ್ನದಲ್ಲಿ ಇನ್ನೂರನ್ನೂ ಮುಗಿಸಿದ. ಪಕ್ಷದ ಮುಂದೆ ಗುರುತು ಹಾಕಿದ್ದಂತೂ ಕಣ್ಣು ಮುಚ್ಚಿಕೊಂಡು. ಯಾರಿಗೆ ಎಷ್ಟು ಬಿದ್ದವೋ ಅವನಿಗೇ ಗೊತ್ತಿರಲಿಲ್ಲ.

"ಇಲ್ಲಿಡು. ಕೊನೇ ದಿನ ಆ ಕಡೆ ಹೋಗೋದಿದೆ, ಆಫೀಸಿಗೆ ನಾನೇ ಕೊಟ್ಟು ಬರ್ತೀನಿ," ಎಂದು ಅಕ್ಕ ಕಟ್ಟುಗಳನ್ನು ಇಸಿದುಕೊಂಡಳು. ತಮ್ಮನಿಗೆ ಅಷ್ಟೂ ನಡೆಯುವುದು ಉಳಿಯಿತು. ಆ ವಾರವೆಲ್ಲ ಅಕ್ಕನಿಗೆ ಮಂಡಿನೋವು, ಅಡುಗೆ ತಡ. "ಯಂತ್ರ ತುಳಿಯೋದು ಸ್ವಲ್ಪ ಕಮ್ಮಿ ಮಾಡಕ್ಕಾ," ಎಂದು ಅವನು ಬುದ್ಧಿ ಬೇರೆ ಹೇಳಿದ್ದ.

ಆಮೇಲೆ ಬಂತು ಎಣಿಕೆಯ ದಿನ. ಆಳುವ ಪಕ್ಷವೇ ಮತ್ತೆ ಬರುತ್ತದೆಂದು ಎಲ್ಲ ಸಮೀಕ್ಷೆಗಳೂ ಎದೆ ತಟ್ಟಿ ಹೇಳಿದ್ದವು. ಊಟದ ಹೊತ್ತಿಗೆ ಸರ್ಕಾರ ಮಕಾಡೆ ಮಲಗಿತ್ತು. ಟೀವಿಯಲ್ಲಿ ಅಂಕಿಸಂಖ್ಯೆಯ ಪಂಡಿತರು ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ನೀರು ಕುಡಿಯುತ್ತಿದ್ದರು. ಸಂಸ್ಥೆಯವರು ಹಳೆಯ ನಮೂನೆಗಳನ್ನು ಕೆದಕಿ ನೋಡಿದಾಗ, ಅಷ್ಟು ಬಡಾವಣೆಗಳಲ್ಲಿ ಗಾಳಿ ತಿರುಗಿದ್ದನ್ನು ಹಿಡಿದದ್ದು ಒಂದೇ ಒಂದು. ಅದು ತಮ್ಮನದು!

"ಕೈಗುಣ ಅಂದ್ರೆ ಇದು!" ಎಂದು ತಮ್ಮ ಎರಡು ದಿನ ತನ್ನ ಬಲಗೈಯನ್ನು ತಾನೇ ನೋಡಿಕೊಂಡ. ಸಂಸ್ಥೆಯಲ್ಲಿ ಕಾಯಂ ಕೆಲಸವಂತೆ. ಆದರೆ ಮೊದಲು ತಪಾಸಣೆ. ಇದುವರೆಗೆ ಏಳು ಕೆಲಸ ಬಿಟ್ಟವನು ಅವನು. "ಇದೂ ಹೋದರೆ ನೀನು ಬೇರೆ ರೂಮು ನೋಡ್ಕೋ," ಎಂದು ಅಕ್ಕ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಅಕ್ಕ ತಮಾಷೆಗೆ ಮಾತಾಡುವವಳಲ್ಲ.

"ನೀವು ಇಲ್ಲೇ ನಿಂತಿರಿ," ಎಂದರು ತಪಾಸಣೆಯವರು ಮೊದಲ ಕಟ್ಟಡದ ಮೆಟ್ಟಿಲ ತಿರುವಿನಲ್ಲಿ. "ಸಮೀಕ್ಷೆ ಮಾಡಿದವರು ಎದುರಿಗಿದ್ರೆ ಜನ ದಾಕ್ಷಿಣ್ಯಕ್ಕೆ ಮಾತಾಡ್ತಾರೆ. ಅದು ನಮ್ಮ ನಿಯಮ."

ತಮ್ಮ ಕಂಬಿ ಹಿಡಿದು ನಿಂತ. ಮೇಲೆ ಬಾಗಿಲು ತೆರೆದ ಸದ್ದು. ಇನ್ನು ಮುಗಿಯಿತು ಎಂದುಕೊಂಡ.

"ಸಮೀಕ್ಷೆಯವರಾ? ಬಂದಿದ್ರಲ್ಲ! ಅರ್ಧ ಗಂಟೆ ಕೂತಿದ್ರು," ಎಂದಿತು ಒಂದು ಧ್ವನಿ. ಬಾಗಿಲಲ್ಲಿ ಆಡಿದ್ದಷ್ಟೇ ಕೆಳಗೆ ಕೇಳಿಸುತ್ತಿತ್ತು, ತಪಾಸಣೆಯವರು ಒಳಗೆ ಹೋದ ಮೇಲಿನದು ಕೇಳಿಸುತ್ತಿರಲಿಲ್ಲ.

ತಮ್ಮ ತನ್ನ ಕಿವಿಯನ್ನು ನಂಬಲಿಲ್ಲ. ಮುಂದಿನ ಮನೆಯಲ್ಲಿ ನಿವೃತ್ತ ಅಂಚೆಯಣ್ಣ. "ಎಪ್ಪತ್ತು ವರ್ಷದಲ್ಲಿ ನನ್ನ ಅಭಿಪ್ರಾಯ ಕೇಳಿದವರು ಅವರೊಬ್ಬರೇ ಸ್ವಾಮಿ. ನನ್ನ ಹೆಂಡತಿ ಕೂಡ ಕೇಳಿದವಳಲ್ಲ!" ನಾಲ್ಕನೇ ಮಹಡಿಯ ಅಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. "ಹನ್ನೊಂದೂ ಕೇಳಿದ್ರಪ್ಪ. ಹೋಗುವಾಗ ನನ್ನ ಸೂಜಿಗೆ ದಾರ ಬೇರೆ ಪೋಣಿಸಿಕೊಟ್ರು."

ಅಜ್ಜಿಗೆ ಅರಳುಮರಳು ಎಂದುಕೊಂಡ ತಮ್ಮ. ಆದರೂ ಮನಸ್ಸಿನಲ್ಲೇ ಅವಳ ಕಾಲಿಗೆ ಬಿದ್ದ.

ಹತ್ತನೆಯ ಮನೆ ದಾಟುವಷ್ಟರಲ್ಲಿ ಅವನಿಗೆ ಒಂದು ದೊಡ್ಡ ಸತ್ಯ ಹೊಳೆದಿತ್ತು. ಊರಿನವರನ್ನೆಲ್ಲ ಕೇಳಿ ತನ್ನನ್ನು ಮಾತ್ರ ಬಿಟ್ಟರು ಎಂದು ಒಪ್ಪಿಕೊಳ್ಳಲು ಯಾವ ಮತದಾರನಿಗೂ ಮನಸ್ಸು ಬರುವುದಿಲ್ಲ. ಹೆಮ್ಮೆಗಾಗಿ ಜನ ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾರೆ! ದೇಶದ ಪ್ರಜೆಗಳ ಮೇಲೆ ಅವನಿಗೆ ಮೊಟ್ಟಮೊದಲ ಬಾರಿಗೆ ಪ್ರೀತಿ ಉಕ್ಕಿ ಬಂತು.

"ಈ ಮೆಟ್ಟಿಲು ಹತ್ತಿ ಇಳಿಯೋದು ಸುಲಭ ಅಲ್ಲ, ಅಲ್ವಾ?" ಎಂದರು ತಪಾಸಣೆಯವರು ಬೆವರು ಒರೆಸಿಕೊಳ್ಳುತ್ತ.

"ಜನರ ನಾಡಿ ಹಿಡಿಯೋ ಕೆಲಸ ಸರ್. ಕಾಲುನೋವೆಲ್ಲ ಎಲ್ಲಿ ಗೊತ್ತಾಗುತ್ತೆ?"

"ನಿಜ. ನಾಡಿ ಹಿಡಿದವರ ಕೈಗೇ ಪತ್ರ ಕೊಟ್ಟು ಹೋಗಬೇಕು ಅಂತ ನಮ್ಮ ಸಾಹೇಬರು ಹೇಳಿ ಕಳಿಸಿದ್ದಾರೆ."

ತಮ್ಮ ಮನೆಯವರೆಗೆ ನಡೆದನೋ ತೇಲಿದನೋ ದೇವರೇ ಬಲ್ಲ. ಒಳಗೆ ಬಂದವನೇ ಕೂದಲು ಸರಿಮಾಡಿಕೊಂಡು ನೆಟ್ಟಗೆ ನಿಂತ. ತಪಾಸಣೆಯವರು ಫೈಲಿನಿಂದ ನೇಮಕದ ಪತ್ರ ತೆಗೆದರು. ಹೆಸರಿನ ಜಾಗ ಇನ್ನೂ ಖಾಲಿಯಿತ್ತು. ತಮ್ಮ ಎರಡೂ ಕೈ ಚಾಚಿದ.

ಅವರು ಅವನನ್ನು ದಾಟಿ ಹೊಲಿಗೆ ಯಂತ್ರದ ಬಳಿ ಹೋದರು. "ಹತ್ತು ಮನೆಯಲ್ಲೂ ಒಂದೇ ಮಾತು ಮೇಡಂ, ಬಂದಿದ್ದು ಕೊರಳಲ್ಲಿ ಅಳತೆ ಟೇಪು ಹಾಕ್ಕೊಂಡಿದ್ದ ಹೆಂಗಸು ಅಂತ. ಕೆಲಸಕ್ಕೆ ಯಾವತ್ತಿಂದ ಬರ್ತೀರಿ?"

"ನಾಳೆಯಿಂದಲೇ," ಎಂದ ಅಕ್ಕ ತಮ್ಮನ ಕಡೆ ತಿರುಗಿದಳು. "ನಿನ್ನ ಕಟ್ಟು ಬಿಚ್ಚಿ ನೋಡಿದೆ ಕಣೋ, ಸತ್ತು ಹನ್ನೆರಡು ವರ್ಷ ಆಗಿರೋ ಅಪ್ಪನ ಕೈಲೂ ನೀನು ಆಳೋ ಪಕ್ಷಕ್ಕೆ ಓಟು ಹಾಕಿಸಿದ್ದೆ!"